ನೀರಿನ ಗೆರೆ ಅಳೆಯುವವರಿಗೂ ಒಂದು ಹುದ್ದೆ ಬೇಕು: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಮುಂಬಯಿಯ ಕುರ್ಲಾದಲ್ಲಿ ಮಿಠಿ ನದಿಯ ಹತ್ತಿರ ನನ್ನದೊಂದು ಸಣ್ಣ ಹೋಟೆಲು. ಚುನಾವಣೆಯ ಹೊತ್ತಿಗೆ ನೀವೂ ಒಮ್ಮೆ ನಿಂತು ಕಟಿಂಗ್ ಚಹಾ ಕುಡಿದು ಹೋಗಿದ್ದೀರಿ. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಯಲ್ಲಿ ಕೊಟ್ಟು ಬಂದಿದ್ದೇನೆ. ಕನ್ನಡದಲ್ಲೂ ಬರೆದದ್ದು, ನಮ್ಮ ಹಾಗೆ ಇಲ್ಲಿ ದುಡಿದು ಮಕ್ಕಳನ್ನು ಓದಿಸುತ್ತಿರುವ ನಮ್ಮ ಊರಿನವರೂ ಓದಲಿ ಎಂದು.

ಗಲ್ಲಾದ ಹಿಂದಿನ ಗೋಡೆಯಲ್ಲಿ ಒಂದು ಗೆರೆಯಿದೆ. 2005ರ ಜುಲೈ 26ರ ನೀರು ಬಿಟ್ಟು ಹೋದದ್ದು. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ. ಗ್ರೈಂಡರ್ ಮುಳುಗಿತು, ಮರುದಿನದ ಇಡ್ಲಿಗೆ ರುಬ್ಬಿಟ್ಟ ಹಿಟ್ಟಿನ ಪಾತ್ರೆ ತೇಲಿಕೊಂಡು ಬಾಗಿಲವರೆಗೆ ಹೋಯಿತು. ನಾಲ್ಕು ವರ್ಷದ ಮಗಳನ್ನು ಅಟ್ಟದ ಮೇಲೆ ಅಕ್ಕಿ ಮೂಟೆಗಳ ನಡುವೆ ಕೂರಿಸಿ ರಾತ್ರಿ ಕಳೆದೆವು. ಆಮೇಲೆ ಎಷ್ಟು ಸಲ ಬಣ್ಣ ಹೊಡೆಸಿದರೂ ಆ ಗೆರೆಯನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ. ಯಾಕೆ ಎಂದು ಹೆಂಡತಿ ಕೇಳುತ್ತಾಳೆ, ಉತ್ತರ ನನಗೂ ತಿಳಿಯದು.

ಇಷ್ಟು ವರ್ಷದಲ್ಲಿ ಆ ಗೆರೆಗೆ ಟೇಪು ಹಿಡಿದವಳು ಒಬ್ಬಳೇ, ಅದೇ ಮಗಳು. ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಆಂಡ್ ಆರ್ಕಿಟೆಕ್ಚರ್‌ನಲ್ಲಿ ಎರಡು ವರ್ಷ ಪರಿಸರ ಯೋಜನೆ, ಅಂದರೆ ನೆಲ-ನೀರು ನೋಡಿಕೊಂಡು ಊರು ಹೇಗೆ ಬೆಳೆಯಬೇಕೆಂದು ಯೋಜಿಸುವ ವಿದ್ಯೆ, ಓದಿದಳು. ಥೀಸಿಸ್‌ಗೆಂದು ನಮ್ಮ ಗಲ್ಲಿಯ ಅಂಗಡಿ ಅಂಗಡಿ ಹತ್ತಿ ಮೂರೇ ಪ್ರಶ್ನೆ ಕೇಳಿದಳು: ಅವತ್ತು ನೀರು ಎಷ್ಟು ಗಂಟೆಗೆ ಬಂತು, ಎಲ್ಲಿಯವರೆಗೆ ಏರಿತು, ಯಾವ ಕಡೆಯಿಂದ ಬಂತು? ದರ್ಜಿ ಮೊಣಕಾಲು ಮುಟ್ಟಿ ತೋರಿಸಿದ, ಗ್ಯಾರೇಜಿನವನು ಕುತ್ತಿಗೆ. ನಮ್ಮದು ನಾಲ್ಕು ಅಡಿ ಎರಡು ಇಂಚು. ಮೂರನೇ ಪ್ರಶ್ನೆಗೆ ಹೆಚ್ಚಿನವರು ಕೈ ತೋರಿದ್ದು ನದಿಯ ಕಡೆಗಲ್ಲ, ಹಿಂದಿನ ಗಟಾರದ ಕಡೆಗೆ. ಸಮುದ್ರದಲ್ಲಿ ಉಬ್ಬರ ಇದ್ದಾಗ ಹೊರಗೆ ಹೋಗಲು ದಾರಿಯಿಲ್ಲದ ನೀರು ಒಳಕ್ಕೇ ತಿರುಗುತ್ತದೆ ಎಂದು ಅವಳು ವಿವರಿಸಿದಳು. ಇಪ್ಪತ್ತು ವರ್ಷ ನಾನು ನದಿಯನ್ನೇ ಬಯ್ಯುತ್ತಿದ್ದೆ.

ಇದು ಎಂಥ ಓದು ಎಂದು ಮೊದಮೊದಲು ನನಗೆ ತಲೆಗೆ ಹೋಗಿರಲಿಲ್ಲ. ರಜೆಯಲ್ಲಿ ಬಂದವಳು, ದೋಸೆ ಪಾರ್ಸೆಲ್ ಕಟ್ಟುವ ಬಟರ್ ಪೇಪರಿನ ನಾಲ್ಕು ಹಾಳೆ ಎಳೆದುಕೊಂಡು ಕೂತಳು. ಒಂದರಲ್ಲಿ ನೆಲದ ಇಳಿಜಾರು, ಒಂದರಲ್ಲಿ ನೀರಿನ ದಾರಿ, ಒಂದರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಜೌಗು, ಇನ್ನೊಂದರಲ್ಲಿ ಮನೆ ಮತ್ತು ರಸ್ತೆ. ಒಂದರ ಮೇಲೊಂದು ಇಟ್ಟು, "ಅಪ್ಪ, ಈಗ ಬೆಳಕಿಗೆ ಹಿಡಿದು ನೋಡಿ" ಎಂದಳು. ವಿಹಾರ, ಪವಾಯಿ ಕೆರೆಗಳ ಕೋಡಿ ನೀರು ಸುಮಾರು 18 ಕಿಲೋಮೀಟರ್ ಹರಿದು, ವಿಮಾನ ನಿಲ್ದಾಣದ ರನ್‌ವೇ ಅಡಿಗೆ ನುಸುಳಿ, ಜೌಗು ತುಂಬಿಸಿ ಕಟ್ಟಿದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಪಕ್ಕದಲ್ಲಿ ಮಾಹಿಮ್ ಖಾರಿ, ಅಂದರೆ ಸಮುದ್ರದ ಹಿನ್ನೀರು, ಸೇರುತ್ತದೆ. ನಾಲ್ಕೂ ಹಾಳೆಯ ಗೆರೆಗಳು ಒತ್ತೊತ್ತಾಗಿ ಕಪ್ಪಾದ ಕಡೆ ನಮ್ಮ ಗಲ್ಲಿಯಿತ್ತು. ಈಗ ಇದನ್ನೆಲ್ಲ ಜಿಐಎಸ್ ಎಂದು ಕಂಪ್ಯೂಟರಿನಲ್ಲೇ ಮಾಡುತ್ತಾರಂತೆ. ಬಟರ್ ಪೇಪರ್ ನನಗೋಸ್ಕರ.

ಓದು ಮುಗಿಯಿತು. ಒಂದು ಕಚೇರಿಯ ಕಿಟಕಿಯಲ್ಲಿ ಕೂತವರು ಸರ್ಟಿಫಿಕೇಟು ತಿರುವಿ, "ಎನ್ವಿರಾನ್ಮೆಂಟಲ್ ಪ್ಲಾನಿಂಗ್ ಅಂದರೆ ಗಿಡ ನೆಡುವುದಾ?" ಎಂದು ಕೇಳಿದರಂತೆ. ತಮಾಷೆಗಲ್ಲ, ತಿಳಿಯದೆ ಕೇಳಿದ್ದು. ಅರ್ಜಿಯಲ್ಲಿ ಅವಳ ಪದವಿಗೆ ಜಾಗವಿರಲಿಲ್ಲ, 'ಇತರೆ' ಎಂಬಲ್ಲಿ ಬರೆದು ಬಂದಳು. ಈಗ ಖಾಸಗಿ ಕಂಪನಿಯೊಂದರಲ್ಲಿ ಕೂತು ಬೇರೆ ರಾಜ್ಯದ ಹೆದ್ದಾರಿಗೆ ಪರಿಸರ ವರದಿ ಬರೆಯುತ್ತಾಳೆ. ಕುರ್ಲಾದ ಥೀಸಿಸ್ ನಮ್ಮ ಅಟ್ಟದ ಮೇಲಿದೆ, ಅಕ್ಕಿ ಮೂಟೆಯ ಪಕ್ಕ.

ಇದು ನನ್ನ ಮಗಳೊಬ್ಬಳ ದೂರು ಎಂದುಕೊಳ್ಳಬೇಡಿ. ಅವಳಿಗೆ ಸಂಬಳ ಬರುತ್ತಿದೆ. ನೀತಿ ಆಯೋಗ 2021ರಲ್ಲಿ ಕೊಟ್ಟ ವರದಿ ನೋಡಿ: ದೇಶಕ್ಕೆ 12,000ಕ್ಕೂ ಹೆಚ್ಚು ನಗರ ಯೋಜಕರು ಬೇಕು, ರಾಜ್ಯಗಳ ಯೋಜನಾ ಇಲಾಖೆಗಳಲ್ಲಿ ಮಂಜೂರಾದದ್ದು 3,945 ಹುದ್ದೆ, ಅದರಲ್ಲೂ ಶೇಕಡಾ 42 ಖಾಲಿ. ಹಲವು ರಾಜ್ಯಗಳಲ್ಲಿ ಆ ಹುದ್ದೆಗೆ ಯೋಜನೆಯ ಪದವಿ ಕಡ್ಡಾಯವೇ ಅಲ್ಲವಂತೆ. ನಮ್ಮ ಹೋಟೆಲಿನಲ್ಲೂ ದೋಸೆ ಹುಯ್ಯಲು ಬಾರದವನನ್ನು ಕಾವಲಿ ಮುಂದೆ ನಿಲ್ಲಿಸುವುದಿಲ್ಲ. 1992ರ 74ನೇ ತಿದ್ದುಪಡಿಯು ಸಂವಿಧಾನಕ್ಕೆ ಸೇರಿಸಿದ 12ನೇ ಅನುಸೂಚಿಯಲ್ಲಿ ನಗರಸಭೆಗಳ ಕೆಲಸವೆಂದು ನಗರ ಯೋಜನೆಯೂ ಇದೆ, ಪರಿಸರ ರಕ್ಷಣೆಯೂ ಇದೆ. ಎರಡನ್ನೂ ಸೇರಿಸಿ ಓದಿದವರಿಗೆ ಮಾತ್ರ ಕುರ್ಚಿಯಿಲ್ಲ.

ಯಾವ ನೆಲ ಯಾವುದಕ್ಕೆ ಎಂದು ಗುರುತಿಸುವ ಮುಂಬಯಿಯ ಅಭಿವೃದ್ಧಿ ಯೋಜನೆಯ ಕರಡು 2015ರಲ್ಲಿ ತಪ್ಪುಗಳ ಕಾರಣಕ್ಕೆ ವಾಪಸು ಹೋಗಿ, ತಿದ್ದಿಸಿಕೊಂಡು 2018ರಲ್ಲಿ ಜಾರಿಗೆ ಬಂತು. ಅದರ ಅವಧಿ 2034ರವರೆಗೆ. ಮುಂದಿನದಕ್ಕೆ ನೆಲ ಅಳೆಯುವ ಕೆಲಸ ಅದಕ್ಕೂ ಎಷ್ಟೋ ವರ್ಷ ಮೊದಲೇ ಶುರುವಾಗಬೇಕು. ಆಗ ಟೇಪು ಹಿಡಿಯುವವರು ಯಾರು?

ಬರುವ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ರಾಜ್ಯದಲ್ಲಿ ಯೋಜಕರ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಎಷ್ಟಕ್ಕೆ ಆ ಓದು ಬೇಕೆಂದು ನಿಯಮವಿದೆ? ಉತ್ತರ ಬಂದ ಮೇಲೆ, ವಾರ್ಡಿಗೊಬ್ಬ ಪರಿಸರ ಯೋಜಕರ ಹುದ್ದೆ ಮಾಡಿಸಲು ಪಟ್ಟು ಹಿಡಿಯಿರಿ.

ಮಳೆಗಾಲಕ್ಕೆ ಮೊದಲು ಒಮ್ಮೆ ಬನ್ನಿ, ಗೆರೆ ತೋರಿಸುತ್ತೇನೆ. ಬೆಳಿಗ್ಗೆ ಆರಕ್ಕೆ ತೆರೆಯುತ್ತೇವೆ. ಟೇಪನ್ನು ಮಗಳು ಗಲ್ಲಾದಲ್ಲೇ ಬಿಟ್ಟು ಹೋಗಿದ್ದಾಳೆ.

ನಿಮ್ಮ ಮತದಾರ,
ಕುರ್ಲಾದ ಒಬ್ಬ ಹೋಟೆಲಿನವ