ಕೊಳದ ಪಾಚಿಗೆ ಮೈಲುತುತ್ತ ಮದ್ದಲ್ಲ

ಮಾನ್ಯ ಸಂಪಾದಕರಿಗೆ, ನಮಸ್ಕಾರಗಳು.

ತಮ್ಮ ಪತ್ರಿಕೆಯ ಕೈತೋಟದ ಪುಟದಲ್ಲಿ ಈಚೆಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರವಾಗಿ, ಹಸಿರುಗಟ್ಟಿದ ಕೊಳದ ನೀರನ್ನೆಲ್ಲ ಹೊರಚೆಲ್ಲಿ, ಒಳಗೋಡೆಗಳನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಿದ ಮೇಲೆ ‘ಒಂದಿಷ್ಟು’ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿ ಸುರಿದರೆ ಪಾಚಿಯ ಕಾಟ ತೀರುತ್ತದೆ ಎಂಬ ಸಲಹೆ ಪ್ರಕಟವಾಗಿದೆ. ಮನೆಯಂಗಳದಲ್ಲಿ ಕೊಳವೊಂದನ್ನು ಕಟ್ಟಿಸಿದ ಹೊಸತರಲ್ಲಿ ಇದೇ ಎರಡು ಉಪಾಯಗಳನ್ನು ಮಾಡಿ ಕೈಸುಟ್ಟುಕೊಂಡವಳು ನಾನು. ಆದ್ದರಿಂದ ಈ ಸಲಹೆ ತಿದ್ದುಪಡಿಯಿಲ್ಲದೆ ಹಾಗೆಯೇ ಉಳಿಯಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನೀರು ಬದಲಿಸುವ ಮಾತು. ಆ ಬೇಸಿಗೆಯಲ್ಲಿ ನಾನು ಮೂರು ಸಲ ಕೊಳವನ್ನು ಬರಿದುಮಾಡಿ ತೊಳೆದೆ. ಮೂರು ಸಲವೂ ಎರಡು ವಾರ ಕಳೆಯುವುದರೊಳಗೆ ನೀರು ಮತ್ತೆ ಹೆಸರುಬೇಳೆಯ ಕಟ್ಟಿನಂತಾಯಿತು. ನಾಲ್ಕನೆಯ ಸಲ ಬೇಸರದಿಂದ ಸುಮ್ಮನಾದೆ, ಮತ್ತು ಸುಮಾರು ಒಂದೂವರೆ ತಿಂಗಳಲ್ಲಿ ನೀರು ತಾನಾಗಿಯೇ ತಿಳಿಯಾಯಿತು. (ಸೋಮಾರಿತನದಿಂದ ನಾನು ಕಲಿತ ಪಾಠಗಳಲ್ಲಿ ಇದೇ ದೊಡ್ಡದು.) ಕಾರಣ ಸರಳವಾದದ್ದು. ನಲ್ಲಿಯ ನೀರಿನಲ್ಲಿ ಹಲವೆಡೆ ನೈಟ್ರೇಟ್ ಮತ್ತು ಫಾಸ್ಫೇಟ್ ಕರಗಿರುತ್ತವೆ. ಹೊಸ ನೀರೆಂದರೆ ಪಾಚಿಗೆ ಹೊಸದಾಗಿ ಬಡಿಸಿದ ಊಟವೇ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲುಗಳ ಮೇಲೂ ಫಿಲ್ಟರಿನೊಳಗೂ ನೆಲೆಯೂರಲು ವಾರಗಟ್ಟಲೆ ಹಿಡಿಯುತ್ತದೆ. ಉಜ್ಜಿ ತೊಳೆದಾಗ ಮೊದಲು ಹೋಗುವವು ಅವೇ. ಪಾಚಿಯನ್ನು ತಿಂದು ಬದುಕುವ ನೀರುಚಿಗಟಗಳೂ ಚರಂಡಿ ಸೇರುತ್ತವೆ. ಖಾಲಿಯಾದ ಆ ಜಾಗಕ್ಕೆ ಎಲ್ಲರಿಗಿಂತ ಮುಂಚೆ ಮರಳುವುದು ಪಾಚಿ.

ಇನ್ನು ಮೈಲುತುತ್ತದ ವಿಷಯ. ತಾಮ್ರ ಪಾಚಿಯನ್ನು ಕೊಲ್ಲುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಪಾಚಿಯನ್ನು ಕೊಲ್ಲುವ ಪ್ರಮಾಣಕ್ಕೂ ಮೀನನ್ನು ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ, ಮುಖ್ಯವಾಗಿ ಮೆದುನೀರಿನಲ್ಲಿ, ಬಹಳ ಕಡಿಮೆ. ಕ್ಷಾರತೆ, ಎಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಗುಣ, ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆಯಿರುವ ನೀರಿಗೆ ಮೈಲುತುತ್ತ ಹಾಕಕೂಡದೆಂದು ಮೀನು ಸಾಕಣೆಯ ಕೈಪಿಡಿಗಳು ಎಚ್ಚರಿಸುತ್ತವೆ. ಕೊಳದ ಬಸವನಹುಳುಗಳು ಮೀನಿಗಿಂತ ಮೊದಲೇ ಸಾಯುತ್ತವೆ. ತಾಮ್ರವು ಲೋಹವಾದ್ದರಿಂದ ಕೊಳೆತು ಇಲ್ಲವಾಗುವಂಥದ್ದಲ್ಲ. ತಳದ ಹೂಳಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ನೀರಿನ ಒಟ್ಟು ಪ್ರಮಾಣವನ್ನೂ ಕ್ಷಾರತೆಯನ್ನೂ ಅಳೆಯದೆ ‘ಒಂದಿಷ್ಟು’ ಸುರಿಯಿರಿ ಎನ್ನುವುದು ಈ ಕಾರಣದಿಂದಲೇ ಅಪಾಯಕಾರಿ.

ನನ್ನ ಮೀನುಗಳು ಸತ್ತದ್ದು ಬಹುಶಃ ತಾಮ್ರದ ವಿಷದಿಂದಲ್ಲ. ಮೈಲುತುತ್ತ ಹಾಕಿದ ಮೂರನೆಯ ದಿನ ಬೆಳಗಿನ ಜಾವ ಅವು ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತಿದ್ದವು. ಸೂರ್ಯ ಮೇಲೇರುವ ಹೊತ್ತಿಗೆ ಹನ್ನೊಂದರಲ್ಲಿ ಎಂಟು ತೇಲುತ್ತಿದ್ದವು. ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡಿದರೂ ರಾತ್ರಿಯಿಡೀ ಅದನ್ನೇ ಉಸಿರಾಡುತ್ತದೆ, ಹೀಗಾಗಿ ಕೊಳದಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುವುದು ನಸುಕಿನಲ್ಲಿ. ಅದರ ಮೇಲೆ, ಒಮ್ಮೆಗೇ ಸತ್ತ ಪಾಚಿಯೆಲ್ಲ ಕೊಳೆಯತೊಡಗಿದರೆ ಉಳಿದ ಆಮ್ಲಜನಕವೂ ಆ ಕೊಳೆಯುವಿಕೆಗೆ ವ್ಯಯವಾಗುತ್ತದೆ. ಯಾವ ಔಷಧಿಯನ್ನೇ ಬಳಸಲಿ, ಬೆಚ್ಚನೆಯ ದಿನಗಳಲ್ಲಿ ಇಡೀ ಕೊಳದ ಪಾಚಿಯನ್ನು ಒಂದೇ ಏಟಿಗೆ ಕೊಂದರೆ ಈ ಅಪಾಯ ತಪ್ಪಿದ್ದಲ್ಲ. ಕೊಳೆತ ಪಾಚಿಯಿಂದ ಬಿಡುಗಡೆಯಾದ ಪೋಷಕಾಂಶಗಳು ಮತ್ತೆ ನೀರಿಗೇ ಸೇರಿ, ಮುಂದಿನ ಪಾಚಿಯ ಬೆಳೆಗೆ ಗೊಬ್ಬರವಾಗುತ್ತವೆ.

ಹಾಗಾದರೆ ಮಾಡಬೇಕಾದದ್ದು ಪಾಚಿಯ ಆಹಾರವನ್ನು ಕಡಿಮೆ ಮಾಡುವುದು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 226ನೇ ಸಂಖ್ಯೆಯ ಸರೋವರವನ್ನು ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಪರದೆಯೊಂದರಿಂದ ಎರಡು ಭಾಗ ಮಾಡಿ, ಎರಡೂ ಕಡೆ ಇಂಗಾಲ ಮತ್ತು ಸಾರಜನಕವನ್ನು ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನೂ (ಫಾಸ್ಫೇಟಿನಲ್ಲಿರುವ ಮೂಲವಸ್ತು) ಸೇರಿಸಿದಾಗ, ರಂಜಕ ಬಿದ್ದ ಭಾಗವೇ ಹಸಿರುಗಟ್ಟಿತು. ಅಂಗಳದ ಕೊಳಕ್ಕೆ ರಂಜಕ ಬರುವ ದಾರಿಗಳು ಕೆಲವೇ: ಮೀನಿನ ಆಹಾರ, ತರಗೆಲೆ, ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಮಳೆಯಲ್ಲಿ ಕೊಚ್ಚಿ ಬರುವುದು, ಗಿಡ ನೆಟ್ಟ ಕುಂಡದ ಗೊಬ್ಬರಮಣ್ಣು. ಇವುಗಳಲ್ಲಿ ಮೊದಲನೆಯದೇ ದೊಡ್ಡದೆಂದು ನನ್ನ ಅನುಭವ. ಮೀನುಗಳು ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಬೇಕು. ಮನೆಗೆ ಬಂದ ಮಕ್ಕಳೆಲ್ಲ ಒಂದೊಂದು ಹಿಡಿ ಎಸೆಯುವುದನ್ನು ತಡೆಯುವುದು ಕಷ್ಟ, ಆದ್ದರಿಂದ ನಾನು ಡಬ್ಬಿಯನ್ನೇ ಒಳಗಿಟ್ಟಿದ್ದೇನೆ. ಕೊಳದ ಅಂಚನ್ನು ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರಿಸಿದರೆ ಮಳೆಯ ಕೆಸರುನೀರು ಒಳಗೆ ಇಳಿಯುವುದಿಲ್ಲ. ಎಲೆಯುದುರುವ ಕಾಲದಲ್ಲಿ ಮೇಲೊಂದು ಬಲೆ ಹಾಸಿ, ತಳದ ಹೂಳನ್ನು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು.

ಆಹಾರದ ಜೊತೆಗೆ ಬೆಳಕನ್ನೂ ಕಡಿತಗೊಳಿಸಬೇಕಾಗುತ್ತದೆ. ನೈದಿಲೆಯ ಎಲೆಗಳು ನೀರಿನ ಮೇಲ್ಮೈಯ ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನು ಮುಚ್ಚುವಂತೆ ಬೆಳೆಸಿದರೆ ನೀರು ತಂಪಾಗಿರುತ್ತದೆ, ಮತ್ತು ನೀರೊಳಗೆ ಬೆಳೆಯುವ ಗಿಡಗಳು ಪಾಚಿ ಬಯಸುವ ಸಾರಜನಕ, ರಂಜಕಗಳನ್ನು ತಾವೇ ಹೀರಿಕೊಳ್ಳುತ್ತವೆ. ತೇಲುವ ಅಂತರಗಂಗೆ ಈ ಕೆಲಸವನ್ನು ಇನ್ನೂ ವೇಗವಾಗಿ ಮಾಡುತ್ತದೆ, ಆದರೆ ಹೆಚ್ಚಾದದ್ದನ್ನು ಕಿತ್ತು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕೇ ಹೊರತು ಕೆರೆ, ಕಾಲುವೆಗಳಿಗೆ ಎಸೆಯಬಾರದು. ಅಲ್ಲಿ ಅದು ಇಡೀ ನೀರನ್ನೇ ಮುಚ್ಚಿಬಿಡುತ್ತದೆ.

ತಮ್ಮ ಸಲಹೆಗಾರರು ಎಲ್ಲ ಪಾಚಿಯನ್ನೂ ಒಂದೇ ಎಂದು ಭಾವಿಸಿದಂತಿದೆ. ನೀರನ್ನೇ ಹಸಿರಾಗಿಸುವುದು ಕಣ್ಣಿಗೆ ಕಾಣದ ಏಕಕೋಶ ಪಾಚಿ. ಫಿಲ್ಟರಿಗೆ ಜೋಡಿಸುವ ಅತಿನೇರಳೆ ದೀಪ ಇದನ್ನು ಚೆನ್ನಾಗಿ ನಿಯಂತ್ರಿಸುತ್ತದೆ, ಆದರೆ ದೀಪ ಉರಿಯುತ್ತಿದ್ದರೂ ಅದರ ಅತಿನೇರಳೆ ಕಿರಣಗಳ ಶಕ್ತಿ ಒಂದು ವರ್ಷದ ನಿರಂತರ ಬಳಕೆಯಲ್ಲಿ ಕುಗ್ಗುವುದರಿಂದ ಬಲ್ಬನ್ನು ಬದಲಿಸಬೇಕು. ಕಲ್ಲಿಗೂ ಗಿಡಕ್ಕೂ ಸುತ್ತಿಕೊಳ್ಳುವ ಎಳೆಪಾಚಿಗೆ ಈ ದೀಪ ಏನೂ ಮಾಡದು. ಒರಟು ಕೋಲಿಗೆ ಸುತ್ತಿ ಎಳೆದು ತೆಗೆಯುವುದೇ ದಾರಿ. ತೆಗೆದ ರಾಶಿಯನ್ನು ಕೆಲ ಗಂಟೆ ದಡದಲ್ಲಿ ಬಿಟ್ಟರೆ ಅದರೊಳಗಿನ ಪುಟ್ಟ ಜೀವಿಗಳು ನೀರಿಗೆ ಮರಳುತ್ತವೆ. ಮೂರನೆಯದು, ಬಣ್ಣ ಚೆಲ್ಲಿದಂತೆ ನೀಲಿಹಸಿರು ಕೆನೆಗಟ್ಟುವ ಬಗೆ. ಇದು ನಿಜವಾಗಿ ಬ್ಯಾಕ್ಟೀರಿಯಾ. ಇದರ ಕೆಲವು ಜಾತಿಗಳು ಯಕೃತ್ತನ್ನು ಕೆಡಿಸುವ ವಿಷವನ್ನು ಉತ್ಪಾದಿಸುತ್ತವೆ. ಅಂಥ ನೀರನ್ನು ನಾಯಿ, ದನಗಳು ಕುಡಿಯದಂತೆಯೂ ಮಕ್ಕಳು ಕೈಯಾಡಿಸದಂತೆಯೂ ನೋಡಿಕೊಳ್ಳಬೇಕು.

ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿನೀರಿನಲ್ಲಿ ತೊಳೆಯದೆ, ಕೊಳದಿಂದಲೇ ತೆಗೆದ ಬಕೆಟ್ ನೀರಿನಲ್ಲಿ ಹಿಂಡಬೇಕೆಂಬುದನ್ನೂ ಸೇರಿಸುತ್ತೇನೆ. ಬಾರ್ಲಿ ಹುಲ್ಲಿನ ಕಟ್ಟನ್ನು ನೀರಿನಲ್ಲಿ ಇಳಿಬಿಡುವ ಉಪಾಯ ಕೆಲವು ಕೊಳಗಳಲ್ಲಿ ಫಲಿಸಿದೆ, ಕೆಲವದರಲ್ಲಿ ಇಲ್ಲ. ಫಲಿಸಿದಲ್ಲಿಯೂ ಅದು ಹೊಸ ಪಾಚಿಯನ್ನು ತಡೆಯುತ್ತದೆಯೇ ಹೊರತು ಇರುವುದನ್ನು ತೆಗೆಯುವುದಿಲ್ಲ. ಗೋಡೆಯ ಮೇಲಿನ ತೆಳುವಾದ ಹಾವಸೆಯನ್ನು ನಾನು ಮುಟ್ಟುವುದೇ ಇಲ್ಲ, ಅದು ಮರಿಮೀನುಗಳ ಮತ್ತು ಬಸವನಹುಳುಗಳ ಮೇವು.

ಈಗಾಗಲೇ ಮೈಲುತುತ್ತವನ್ನು ಕೊಂಡು ತಂದಿರುವ ಓದುಗರಿರಬಹುದು. ಮೀನುಗಳಿರುವ ಕೊಳಕ್ಕೆ ಅದನ್ನು ಸುರಿಯಬಾರದೆಂಬ ಎಚ್ಚರಿಕೆಯನ್ನಾದರೂ ಮುಂದಿನ ವಾರದ ಕೈತೋಟದ ಪುಟದಲ್ಲಿ, ಮೂಲ ಸಲಹೆ ಅಚ್ಚಾದಷ್ಟೇ ಎದ್ದುಕಾಣುವಂತೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು