ಕೆಂಚನನ್ನು ಬೈಯಬೇಡ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮನೆಗೆ ಯಾರಾದರೂ ಬಂದಾಗಲೆಲ್ಲ ಜಗಲಿಯ ಮೇಲೆ ಉಚ್ಚೆ ಹೊಯ್ಯುತ್ತದೆ, ಅದಕ್ಕೆ ನಿಮ್ಮ ನಾಯಿಮರಿ ಕೆಂಚನನ್ನು ತೋಟದ ಮನೆಗೆ ಸಾಗಹಾಕುವ ಯೋಚನೆ ಇದೆ ಅಂತ ನೀನು ಹೇಳಿದ್ದು ಕೇಳಿ ಸಂಕಟವಾಯಿತು. ಫೋನಿನಲ್ಲಿ ಪೂರ್ತಿ ಮಾತಾಡಲು ಆಗಲಿಲ್ಲ, ನಿಮ್ಮಲ್ಲಿ ಗುಡ್ಡೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ. ಇಂಥ ಪುಕ್ಕಲು ಮರಿ ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ಮೊದಲು ಒಂದು ಮಾತು. ಅದು ಕೊಬ್ಬಲ್ಲ, ಹಟವೂ ಅಲ್ಲ. ಬಂದವರ ಎದುರು ನಿಮ್ಮ ಮರ್ಯಾದೆ ತೆಗೆಯಬೇಕು ಅಂತ ಮಾಡುವುದಂತೂ ಅಲ್ಲವೇ ಅಲ್ಲ. ಹೊರಗೆ ಹೋಗಿ ಉಚ್ಚೆ ಮಾಡುವುದನ್ನು ಕಲಿತಿದೆ, ರಾತ್ರಿಯಿಡೀ ಒಳಗಿದ್ದರೂ ಒಂದು ಹನಿ ಬೀಳಿಸಲ್ಲ, ಜನ ಬಂದರೆ ಮಾತ್ರ ಜಗಲಿ ಒದ್ದೆ ಅಂತ ನೀನೇ ಹೇಳಿದೆ. ಉತ್ತರ ಅದರಲ್ಲೇ ಇದೆ. ಕಲಿಯದ ಮರಿಯಾದರೆ ಹೊತ್ತುಗೊತ್ತಿಲ್ಲದೆ ಮಾಡುತ್ತಿತ್ತು. ಇದು ಎದುರಿಗೆ ಯಾರಾದರೂ ಬಂದು ನಿಂತಾಗ ಮಾತ್ರ ಆಗುತ್ತಿದೆ.

ಹುಟ್ಟಿದ ಮೊದಲ ಎರಡು ಮೂರು ವಾರ ನಾಯಿಮರಿಗೆ ತಾನಾಗಿ ಉಚ್ಚೆ ಮಾಡಲು ಬರುವುದಿಲ್ಲ. ತಾಯಿ ಮೂತಿಯಿಂದ ಹೊರಳಿಸಿ ಹೊಟ್ಟೆಯ ಕೆಳಗೆ ನೆಕ್ಕಬೇಕು, ಆಗ ಬರುತ್ತದೆ. ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ರುಡಾಲ್ಫ್ ಶೆಂಕೆಲ್ 1967ರಲ್ಲಿ ತೋಳ ಮತ್ತು ನಾಯಿಗಳ ಬಗ್ಗೆ ಬರೆಯುತ್ತಾ, ಬಲವಾದವನ ಮುಂದೆ ಚಿಕ್ಕದು ಅಂಗಾತ ಬೀಳುವ ಭಂಗಿ ಆ ಮರಿತನದಿಂದಲೇ ಬಂದದ್ದು ಅಂತ ವಿವರಿಸಿದರು. ಹಾಗೆ ಬಗ್ಗಿ ಹೊಯ್ದುಕೊಳ್ಳುವುದು ಅಂದರೆ ನಾನು ಸಣ್ಣವನು, ನನಗೇನೂ ಮಾಡಬೇಡ ಅಂತ ಮೈಯಲ್ಲೇ ಹೇಳಿಕೊಳ್ಳುವುದು. ನಾಯಿಗಳ ನಡುವೆ ಈ ಮಾತು ನಡೆಯುತ್ತದೆ. ದೊಡ್ಡದು ಬಂದು ಮೂಸುತ್ತದೆ, ಬಿಟ್ಟು ಹೋಗುತ್ತದೆ. ನಮ್ಮ ಮನೆಗಳಲ್ಲಿ ಅದೇ ಮಾತಿಗೆ ಬೈಗುಳ ಸಿಗುತ್ತದೆ, ಕೆಲವು ಕಡೆ ಏಟೂ ಬೀಳುತ್ತದೆ. ಆಗ ಮರಿ ಏನು ಮಾಡಬೇಕು? ತಾನು ಬೇಡಿಕೊಂಡದ್ದು ಸಾಲಲಿಲ್ಲ ಅಂತ ಇನ್ನಷ್ಟು ಬಗ್ಗುತ್ತದೆ, ಇನ್ನಷ್ಟು ಹೊಯ್ದುಕೊಳ್ಳುತ್ತದೆ. ಬೈದಷ್ಟೂ ಜಾಸ್ತಿಯಾಗುತ್ತಿದೆ ಅಂತ ಅಮ್ಮ ಹೇಳುತ್ತಿರುವುದು ನಿಜ, ಕಾರಣ ಇದೇ. ಉಚ್ಚೆಗೆ ಮೂತಿ ಉಜ್ಜಿ ಬುದ್ಧಿ ಕಲಿಸುವ ಆ ಹಳೇ ಪದ್ಧತಿಯನ್ನು ದಯವಿಟ್ಟು ಯಾರೂ ಮಾಡಬೇಡಿ.

ಮುಂದಿನ ಸಲ ಯಾರಾದರೂ ಬಂದಾಗ ನೀನು ಬಂದವರನ್ನು ಬಿಟ್ಟು ಮರಿಯನ್ನೇ ನೋಡು. ಉಚ್ಚೆ ಬರುವ ಮೊದಲೇ ಅದರ ಮೈ ಎಲ್ಲ ಹೇಳಿರುತ್ತದೆ. ಕಿವಿ ತಲೆಗೆ ಅಂಟಿಕೊಂಡಂತೆ ಹಿಂದಕ್ಕೆ ಹೋಗುತ್ತವೆ, ಬೆನ್ನು ಇಳಿಯುತ್ತದೆ, ಬಾಲ ಕಾಲುಗಳ ನಡುವೆ ಸೇರಿಕೊಂಡು ತುದಿ ಮಾತ್ರ ಸಣ್ಣಗೆ ಅಲ್ಲಾಡುತ್ತಿರುತ್ತದೆ. ಮುಖ ಬೇರೆ ಕಡೆ ತಿರುಗಿಸಿ ನಾಲಿಗೆಯಲ್ಲಿ ಮೂಗು ಸವರಿಕೊಳ್ಳುತ್ತದೆ. ಒಂದು ಮುಂಗಾಲು ಎತ್ತುತ್ತದೆ. ಆಮೇಲೆ ನೆಲ ಒದ್ದೆ. ಹಾಗಲ್ಲದೆ ಬಾಲದ ಜೊತೆ ಸೊಂಟವೂ ಕುಣಿಯುತ್ತಾ, ಮೈ ಸಡಿಲವಾಗಿದ್ದು, ಹಾರುತ್ತಾ ಹೊಯ್ದರೆ ಅದು ಭಯ ಅಲ್ಲ, ಖುಷಿ ತಡೆಯಲಾರದೆ ಬಂದದ್ದು. ಎಳೆ ಮರಿಗೆ ಮೂತ್ರ ಹಿಡಿದಿಟ್ಟುಕೊಳ್ಳುವ ಬಲ ಇನ್ನೂ ಪೂರ್ತಿ ಬಂದಿರುವುದಿಲ್ಲ. ನೀನು ಹೇಳಿದ ಪ್ರಕಾರ ಕೆಂಚನದು ಮೊದಲನೇ ಬಗೆ.

ನಮ್ಮ ಕಡೆ ಮನೆಗೆ ಬರುವವರು ಒಂದು ಮರಿಯ ಕಣ್ಣಿಗೆ ಹೇಗೆ ಕಾಣುತ್ತಾರೆ ಅಂತ ಸ್ವಲ್ಪ ಯೋಚಿಸು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿದವರು, ಕಪ್ಪು ಛತ್ರಿ ಬಿಡಿಸಿದವರು, ಹೆಲ್ಮೆಟ್ ತೆಗೆಯದೇ ಜಗಲಿ ಹತ್ತುವವರು. ಎಲ್ಲರೂ ಬೆಳಕಿಗೆ ಬೆನ್ನು ಮಾಡಿ ಬಾಗಿಲಲ್ಲಿ ನಿಲ್ಲುತ್ತಾರೆ, ಎಲ್ಲರೂ ಮೇಲಿಂದ ಬಗ್ಗಿ ತಲೆ ಮೇಲೆ ಕೈ ಇಡುತ್ತಾರೆ. ಪ್ರೀತಿಯಿಂದಲೇ ಇಡುತ್ತಾರೆ, ಆದರೆ ಕೆಳಗಿನಿಂದ ನೋಡುವವನಿಗೆ ಅದು ಮೈಮೇಲೆ ಬೀಳಲು ಬಂದ ಹಾಗೇ. ಹಾಗಾಗಿ ಬದಲಾಗಬೇಕಾದ್ದು ಮರಿ ಅಲ್ಲ, ಅದನ್ನು ಮಾತಾಡಿಸುವ ರೀತಿ.

ನಮ್ಮಲ್ಲಿಗೆ ಕೊಯ್ಲಿಗೆ ಬರುವ, ಅಡಿಕೆ ಮರ ಹತ್ತಿ ಕೊನೆ ಇಳಿಸುವ ಒಬ್ಬ ಕೊನೆಗಾರರಿದ್ದಾರೆ, ವಯಸ್ಸಾದವರು. ನಮ್ಮ ನಾಯಿ ಕರಿಯ ಮರಿಯಾಗಿದ್ದಾಗ ಇದೇ ಕಾಯಿಲೆ, ಅವರ ಮುಂದೆ ಮಾತ್ರ ಒಂದು ದಿನವೂ ಹೊಯ್ಯಲಿಲ್ಲ. ಅವರು ಬಂದವರೇ ಜಗಲಿಯ ಅಂಚಿಗೆ ಓರೆಯಾಗಿ ಕೂರುತ್ತಿದ್ದರು. ಮರಿಯನ್ನು ನೋಡುತ್ತಲೇ ಇರಲಿಲ್ಲ. ಎಲೆ ಒರೆಸಿ, ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಚೂರು ಆರಿಸಿ, ಅಷ್ಟನ್ನೂ ನಿಧಾನಕ್ಕೆ. ಒಂದು ಕೈ ಮಾತ್ರ ಪಕ್ಕದಲ್ಲಿ ಸಡಿಲವಾಗಿ ಇಳಿಬಿಟ್ಟಿರುತ್ತಿದ್ದರು. ಕರಿಯ ಮೊದಲು ಅವರ ಹಗ್ಗ ಮೂಸುತ್ತಿತ್ತು, ಆಮೇಲೆ ಮಂಡಿ, ಆಮೇಲೆ ಆ ಕೈ. ಅದು ತಾನಾಗಿ ಮೈ ಒತ್ತಿ ನಿಂತ ಮೇಲೆ ಒಂದೇ ಬೆರಳಿನಲ್ಲಿ ಗದ್ದದ ಕೆಳಗೆ ತುರಿಸುತ್ತಿದ್ದರು. ನಾಯಿ ತಜ್ಞರು ಹೇಳುವುದೂ ಇದನ್ನೇ. ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಓರೆಯಾಗಿ ಇರಬೇಕು, ಕುಕ್ಕರಗಾಲಲ್ಲಿ ಕೂತು ತಗ್ಗಬೇಕು, ತಲೆ ಬಿಟ್ಟು ಎದೆ ಅಥವಾ ಗದ್ದದ ಕೆಳಗೆ ಮುಟ್ಟಬೇಕು, ಮುಖ್ಯವಾಗಿ ಹತ್ತಿರ ಬರುವ ಕೆಲಸವನ್ನು ಮರಿಗೇ ಬಿಡಬೇಕು.

ನಿನ್ನ ಮನೆಯಲ್ಲಿ ಇದನ್ನು ಹೀಗೆ ಮಾಡಬಹುದು. ಯಾರಾದರೂ ಬರುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಕೆಂಚನನ್ನು ಹೊರಗೆ ಕರೆದುಕೊಂಡು ಹೋಗಿ ಉಚ್ಚೆ ಮಾಡಿಸು. ಮೊದಲ ಭೇಟಿ ಜಗಲಿಯ ಮೇಲೆ ಬೇಡ, ಅಂಗಳದಲ್ಲಿ ಆಗಲಿ, ಅಲ್ಲಿ ಒದ್ದೆಯಾದರೂ ಯಾರ ಮನಸ್ಸೂ ಕೆಡುವುದಿಲ್ಲ. ಬಂದವರು ಅದನ್ನು ಗಮನಿಸದೆ ನಿನ್ನ ಜೊತೆ ಮಾತಾಡುತ್ತಾ ಇರಲಿ. ತಿಂಡಿ ಚೂರನ್ನು ಅದರ ಪಕ್ಕಕ್ಕೆ ನೆಲದ ಮೇಲೆ ಎಸೆಯಲಿ, ಮೂಸಿ ಹುಡುಕುವಾಗ ಅದರ ಮನಸ್ಸು ಆ ಕಡೆ ಹೋಗುತ್ತದೆ. ಬೇಯಿಸಿದ ಗೆಣಸು, ಮೊಟ್ಟೆ, ಚಪಾತಿ ಚೂರು ಸಾಕು. ಈರುಳ್ಳಿ ಬಿದ್ದದ್ದು, ದ್ರಾಕ್ಷಿ, ಚಾಕೊಲೇಟು ಕೊಡಲೇಬೇಡ, ನಾಯಿಗೆ ಅವು ವಿಷ. ಮಕ್ಕಳು ಓಡಿ ಬಂದು ಹೊಟ್ಟೆಗೆ ಕೈ ಹಾಕಿ ಎತ್ತಿಕೊಳ್ಳುವುದನ್ನು ತಡೆ, ಎತ್ತಿದ ಕೂಡಲೇ ಹೊಯ್ಯುತ್ತದೆ. ನೀನೂ ಅಷ್ಟೇ. ಸಂಜೆ ಶಿವಮೊಗ್ಗದಿಂದ ಬಂದ ತಕ್ಷಣ ಅದರ ಹೆಸರು ಕೂಗುತ್ತಾ ಹೋಗಬೇಡ. ಸುಮ್ನೆ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಾ. ಅಷ್ಟರಲ್ಲಿ ಅದು ತಣ್ಣಗಾಗಿರುತ್ತದೆ, ಆಮೇಲೆ ಮಾತಾಡಿಸು.

ಕಷ್ಟ ಇರುವುದು ದೊಡ್ಡಪ್ಪನ ವಿಷಯದಲ್ಲಿ, ಗೊತ್ತು. ಎತ್ತರದ ಆಳು, ತೋಟದ ಆ ತುದಿಗೆ ಕೇಳುವ ದನಿ, ಜೊತೆಗೆ ನಾಯಿ ಎಂದರೆ ನಿಜವಾಗಿ ಇಷ್ಟ. ಹಿರಿಯರಿಗೆ ಹೀಗೆ ನಿಲ್ಲಿ, ಹಾಗೆ ಕೂರಿ ಅಂತ ಹೇಳಲು ಆಗುತ್ತದಾ? ಅದಕ್ಕೆ ಅವರ ಕೈಗೆ ಒಂದು ಕೆಲಸ ಕೊಡು. "ದೊಡ್ಡಪ್ಪ, ಈ ಚಪಾತಿ ಚೂರು ಹಿಡ್ಕೊಂಡು ಇಲ್ಲಿ ಮೆಟ್ಟಿಲ ಮೇಲೆ ಕೂತಿರಿ, ಮಾತಾಡಿಸ್ಬೇಡಿ, ಅದೇ ಬರುತ್ತೆ ನೋಡಿ" ಅನ್ನು. ಕೂತರೆ ಅವರ ಅರ್ಧ ಎತ್ತರ ಹೋಯಿತು, ಮಾತಾಡದಿದ್ದರೆ ದನಿಯೂ ಹೋಯಿತು. ಮರಿ ತಾನಾಗಿ ಬಂದು ಕೈಯಿಂದ ತಿಂದ ದಿನ ಅವರಿಗೆ ಆಗುವ ಸಂತೋಷವೇ ಬೇರೆ, ಮುಂದೆ ಬಂದವರಿಗೆಲ್ಲ ಅವರೇ ಹೇಳಿಕೊಡುತ್ತಾರೆ.

ಇನ್ನು ಅಮ್ಮ. ಜಗಲಿ ದಾಟಿಯೇ ದೇವರ ಕೋಣೆಗೆ ಹೋಗಬೇಕು, ಮಡಿಯಲ್ಲಿ ಇರುವವರಿಗೆ ಇದು ಸಣ್ಣ ತೊಂದರೆ ಅಲ್ಲ. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಒದ್ದೆಯಾದರೆ ಒರೆಸುವ ಕೆಲಸ ಅವರ ಪಾಲಿಗೆ ಬಾರದಂತೆ ನೀನೇ ನೋಡಿಕೋ. ಮರಿಯನ್ನು ಸದ್ದಿಲ್ಲದೆ ಹೊರಗೆ ಕಳಿಸಿ ಆಮೇಲೆ ಒರೆಸು, ಅದರ ಎದುರು ಗೊಣಗುತ್ತಾ ಬೇಡ. ಅಮೋನಿಯ ಇರುವ ಕ್ಲೀನರ್‌ಗೆ ಉಚ್ಚೆಯದೇ ವಾಸನೆ, ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಫಿನಾಯಿಲೂ ಬೇಡ, ಮರಿ ನೆಲ ನೆಕ್ಕುತ್ತದೆ, ಪಾದ ನೆಕ್ಕಿಕೊಳ್ಳುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಎನ್‌ಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದು ವಾಸನೆಯನ್ನು ಮೂಲದಿಂದ ತೆಗೆಯುತ್ತದೆ. ಉಚ್ಚೆ ಕಮ್ಮಿಯಾಗಲಿ ಅಂತ ನೀರು ಕೊಡುವುದನ್ನು ಮಾತ್ರ ನಿಲ್ಲಿಸಬೇಡ.

ಅಡಿಕೆಯ ಕೊನೆಕೊಯ್ಲು ಶುರುವಾದರೆ ನಿಮ್ಮಲ್ಲಿ ಸುಲಿಯುವವರು, ಬೇಯಿಸುವವರು ಅಂತ ದಿನಪೂರ್ತಿ ಜನ. ಆಗ ಹೆಬ್ಬಾಗಿಲ ಪಕ್ಕದ ಕಂಬಕ್ಕೆ ಕಟ್ಟುವುದು ನಮ್ಮೂರ ರೂಢಿ. ಅದನ್ನು ಮಾಡಬೇಡ. ಕಟ್ಟಿದ ಮರಿಗೆ ಹಿಂದೆ ಸರಿಯಲು ಜಾಗವಿಲ್ಲ, ಹೋಗಿ ಬರುವ ಪ್ರತಿಯೊಬ್ಬನಿಗೂ ಅದು ಮೈ ಬಗ್ಗಿಸಿ ಶರಣಾಗಬೇಕು. ತುಂಬಾ ಜನ ಇರುವ ದಿನ ಹಿಂದಿನ ಕೋಣೆಯಲ್ಲಿ ಗೋಣಿಚೀಲ ಹಾಸಿ, ಕಡಿಯಲು ಏನಾದರೂ ಕೊಟ್ಟು ಬಿಡು. ತೋಟದ ಮನೆಯಂತೂ ಬೇಡವೇ ಬೇಡ. ಚಿರತೆ ಕಾಟ ಒಂದು ಕಡೆ. ಜನರನ್ನೇ ಕಾಣದೆ ಬೆಳೆದರೆ ಭಯ ಗಟ್ಟಿಯಾಗುತ್ತದೆ ಅನ್ನುವುದು ಇನ್ನೂ ದೊಡ್ಡ ಚಿಂತೆ, ಈ ಎಳೆ ವಯಸ್ಸಿನಲ್ಲಿ ಕಂಡದ್ದೇ ಅದರ ಮನಸ್ಸಿನಲ್ಲಿ ಕೊನೆವರೆಗೂ ಉಳಿಯುವುದು.

ಒಂದು ಸಲ ಡಾಕ್ಟರಿಗೂ ತೋರಿಸು. ಪದೇ ಪದೇ ಸ್ವಲ್ಪ ಸ್ವಲ್ಪವೇ ಹೊಯ್ಯುವುದು, ಹೊಯ್ಯಲು ತಿಣುಕುವುದು, ಉಚ್ಚೆಯಲ್ಲಿ ರಕ್ತ, ಮಲಗಿದ್ದಾಗ ಸೋರುವುದು, ವಿಪರೀತ ನೀರು ಕುಡಿಯುವುದು, ಇವುಗಳಲ್ಲಿ ಯಾವುದು ಕಂಡರೂ ಅದು ಸ್ವಭಾವ ಅಲ್ಲ, ರೋಗ ಇರಬಹುದು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದರೆ ಉಚ್ಚೆ ಪರೀಕ್ಷೆ ಮಾಡಿಸಬಹುದು. ಅದೇನೂ ಇಲ್ಲದಿದ್ದರೆ ಹೆಚ್ಚಿನ ಮರಿಗಳಲ್ಲಿ ಇದು ವರ್ಷ ತುಂಬುವ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ನಾವು ಹೆದರಿಸಿ ಬೆಳೆಸದಿದ್ದರೆ ಮಾತ್ರ.

ಈ ಮಧ್ಯೆ "ಕೂತ್ಕೋ" ಅನ್ನುವ ಒಂದು ಮಾತನ್ನು ಆಟದ ಹಾಗೆ, ಮೆಲ್ಲಗಿನ ದನಿಯಲ್ಲಿ ಕಲಿಸು. ಬಂದವರ ಮುಂದೆ ತನಗೆ ಗೊತ್ತಿರುವ ಒಂದು ಕೆಲಸ ಇದೆ ಅಂದರೆ ಮರಿಗೆ ಧೈರ್ಯ ಬರುತ್ತದೆ.

ಬರುವ ಭಾನುವಾರ ನಾನೇ ಬರುತ್ತೇನೆ. ಬೇಲಿಯ ದಣಪೆ (ಗೇಟು) ಹತ್ತಿರ ನಿಂತು ಫೋನ್ ಮಾಡುತ್ತೇನೆ, ಸಿಗದಿದ್ದರೆ ಒಂದು ಸಲ ಹಾರ್ನ್ ಹೊಡೆಯುತ್ತೇನೆ. ಕೆಂಚನನ್ನು ಅಂಗಳಕ್ಕೆ ಬಿಟ್ಟಿರು. ಹೊಸಬರ ಜೊತೆ ಅಭ್ಯಾಸ ನನ್ನಿಂದಲೇ ಶುರುವಾಗಲಿ. ಗೆಣಸು ನಾನೇ ತರುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ