ಕುಣಿದರೆ ದಂಡ ಹಾಕುವ ‘ಮೂನ್‌ವಾಕರ್’

ಮಾನ್ಯ ಸಂಪಾದಕರೇ,

ಹಳೆಯ ವಿಡಿಯೊ ಗೇಮ್ ಅಂದರೆ ಸಾಕು, ಎಲ್ಲರೂ ಕಣ್ಣುಮುಚ್ಚಿ ಹೊಗಳುತ್ತಾರೆ. 1990ರಲ್ಲಿ ಸೆಗಾ ಮೆಗಾ ಡ್ರೈವ್ ಎಂಬ ಗೇಮ್ ಯಂತ್ರಕ್ಕೆ ಬಂದ ಮೈಕಲ್ ಜಾಕ್ಸನ್‌ನ ‘ಮೂನ್‌ವಾಕರ್’ ಅನ್ನು ಮಗನ ಜೊತೆ ಕೂತು ಆಡಿದೆ. ಡಾನ್ಸ್ ಕಲಿಸಿಯೇ ಹೊಟ್ಟೆ ಹೊರೆಯುವ ನನಗೆ ಅಲ್ಲಿ ಸಿಕ್ಕಿದ್ದು ಬಾಗಿಲು, ಕಿಟಕಿ, ಕಾರಿನ ಡಿಕ್ಕಿ ತೆರೆದು ಮಕ್ಕಳನ್ನು ಹುಡುಕುವ ಕೆಲಸ. ಹಂತ ಬದಲಾದರೂ ಅದೇ ಗೋಳು. ಶತ್ರುಗಳೆಲ್ಲ ಮೈಕಲ್‌ನ ಜೊತೆ ಹೆಜ್ಜೆ ಹಾಕಿ ಉರುಳುವ ಗಳಿಗೆ ಮಾತ್ರ ಭರ್ಜರಿ. ನಾಯಿಗಳೂ ಕುಣಿಯುತ್ತವೆ ಮಾರಾಯ್ರೆ! ಆದರೆ ಹಾಗೆ ಕುಣಿಸಿದರೆ ಅವನದೇ ಶಕ್ತಿಯ ಪಟ್ಟಿ ಕರಗುತ್ತದೆ. ಮೈಕಲ್‌ನಿಗೇ ಕುಣಿದದ್ದಕ್ಕೆ ದಂಡವೇ? ಸ್ಮಶಾನದಲ್ಲಿ ಹೆಣಗಳು ಎದ್ದು ಬಂದಾಗಲೂ ಹಿನ್ನೆಲೆಗೆ, ಹೆಣಗಳು ಕುಣಿಯುವ ಅವನದೇ ಹಾಡು ‘ಥ್ರಿಲ್ಲರ್’ ಇಲ್ಲ. ಮಗ ಅಷ್ಟರಲ್ಲಿ ಕ್ರಿಕೆಟ್ ಆಡಲು ಹೋಗಿಯಾಗಿತ್ತು.

– ನೃತ್ಯ ಶಿಕ್ಷಕ, ಕುಂದಾಪುರ